ಮಾತ್ರೆ ಡಬ್ಬಿಯಲ್ಲೊಂದು ಚಿನ್ನದ ಗುಂಡು

ನನ್ನ ಮಾತ್ರೆ ಡಬ್ಬಿಯನ್ನು ನೀವೊಮ್ಮೆ ನೋಡಬೇಕು. ತಿಳಿನೀಲಿ ಪ್ಲಾಸ್ಟಿಕ್ಕಿನದು, ವಾರದ ಒಂದೊಂದು ದಿನಕ್ಕೆ ಒಂದೊಂದು ಪುಟ್ಟ ಮನೆ, ಮನೆಗೊಂದು ಮುಚ್ಚಳ, ಮುಚ್ಚಳದ ನೆತ್ತಿಯ ಮೇಲೆ ಇಂಗ್ಲಿಷಿನ ಒಂದೊಂದು ಅಕ್ಷರ. ಸೋಮವಾರದಿಂದ ಶನಿವಾರದವರೆಗಿನ ಮನೆಗಳಲ್ಲಿ ಬಿಳಿಯ, ಗುಲಾಬಿಯ ಮಾತ್ರೆಗಳು ಶಿಸ್ತಾಗಿ, ನಮ್ಮ ಕಾನ್ವೆಂಟಿನ ಅಸೆಂಬ್ಲಿಯಲ್ಲಿ ನಿಂತ ಹುಡುಗಿಯರಂತೆ ಇರುತ್ತವೆ. ಭಾನುವಾರದ ಮನೆಯಲ್ಲಿ ಮಾತ್ರ ಅವುಗಳ ಜೊತೆಗೆ ಒಬ್ಬ ಪರಸ್ಥಳದ ಅತಿಥಿ ಇದ್ದಾನೆ. ಕಡಲೆಕಾಳಿಗಿಂತ ಚಿಕ್ಕದಾದ, ಒಂದು ಬದಿ ಸವೆದು ಚಪ್ಪಟೆಯಾದ ಚಿನ್ನದ ಗುಂಡು.

'ಅತ್ತೆ, ಒಂದಲ್ಲ ಒಂದು ದಿನ ಕನ್ನಡಕ ಹಾಕ್ಕೊಳ್ದೆ ಇದನ್ನೂ ನುಂಗಿಬಿಡ್ತೀರ ನೋಡಿ' ಎಂದು ಸೊಸೆ ಸುಮಾ ಬೆದರಿಸುತ್ತಾಳೆ. 'ನುಂಗಿದರೇನಂತೆ, ನಮ್ಮ ವಂಶದಲ್ಲಿ ಚಿನ್ನ ನುಂಗಿದವರು ಇದ್ದಾರಮ್ಮ' ಎನ್ನುತ್ತೇನೆ. ಕಥೆ ಕೇಳುವವರೆಗೆ ಅವಳು ಇದನ್ನು ಅತ್ತೆಯ ಜೋಕು ಎಂದುಕೊಂಡು ನಗುತ್ತಿದ್ದಳು. ಜೋಕಲ್ಲ, ನಿಜ. ನನ್ನ ಅಜ್ಜಿಗೆ ಅವರ ಅಜ್ಜಿ ಹೇಳಿ, ಅವರಿಗೆ ಅದರ ಹಿಂದಿನವರು ಹೇಳಿ, ಬಾಯಿಂದ ಬಾಯಿಗೆ ಬರುತ್ತಾ ಈ ಗುಂಡಿನಂತೆಯೇ ಅಲ್ಲಲ್ಲಿ ಸವೆದಿರಬಹುದಾದ ಕಥೆ ಅದು. ಪಾಂಡವಪುರದ ಈ ಮನೆಯ ಜಗಲಿಯಲ್ಲಿ ಕುಳಿತು ನಿಮಗೂ ಹೇಳಿಬಿಡುತ್ತೇನೆ. ಬಿಪಿ ಮಾತ್ರೆ ನುಂಗಿದ ಮೇಲೆ ಅರ್ಧ ಗಂಟೆ ಸುಮ್ಮನೆ ಕುಳಿತಿರಬೇಕೆಂದು ಡಾಕ್ಟರು ಹೇಳಿದ್ದಾರೆ, ಸುಮ್ಮನೆ ಕೂರುವುದು ನನ್ನ ಸ್ವಭಾವಕ್ಕೆ ಒಗ್ಗದು.

ಶ್ರೀರಂಗಪಟ್ಟಣಕ್ಕೆ ದಂಡುಗಳು ಮುತ್ತಿಗೆ ಹಾಕಿದ ಕಾಲ. ಎಲ್ಲವನ್ನೂ ಮುಗಿಸಿದ ಆ ಕೊನೆಯ ಮುತ್ತಿಗೆಯಲ್ಲ, ಅದಕ್ಕೆ ಕೆಲವು ವರ್ಷ ಮುಂಚಿನದು. ನಮ್ಮ ಹಿರೀಕರು ಆಗ ಬೆಳಗೊಳದಲ್ಲಿದ್ದರು. ಇಂದು ಅಲ್ಲಿಗೆ ಹೋಗುವವರಿಗೆ ಹತ್ತಿರದ ಅಣೆಕಟ್ಟು, ಬಸ್ಸು, ಮೀನಿನ ಹೋಟೆಲು ಕಾಣುತ್ತವೆ. ಆಗ ಅಣೆಕಟ್ಟೂ ಇಲ್ಲ, ಹಿನ್ನೀರೂ ಇಲ್ಲ, ಹೊಳೆ ತನಗೆ ತೋಚಿದ ಹಾಗೆ ಹರಿಯುತ್ತಿತ್ತು, ದಂಡುಗಳೂ ಹಾಗೆಯೇ ಹರಿಯುತ್ತಿದ್ದವು. ಊರಿಗೆ ಒಬ್ಬನೇ ಅಕ್ಕಸಾಲಿ, ವೀರಾಚಾರಿ. ಅವನ ಹೆಂಡತಿ ಕಾಳಮ್ಮ, ನಾಗಮಂಗಲದ ಮಗಳು. ನಮ್ಮ ಮೂಲ ಅವರಿಬ್ಬರು.

ದಂಡು ಬರುತ್ತದೆಂಬ ಸುದ್ದಿ ಹಬ್ಬಿದಾಗ ಊರು ಗಂಟುಮೂಟೆ ಕಟ್ಟಿತು. ಕಾಡುಗುಡ್ಡ ಸೇರುವವರು ಮೈಮೇಲೆ ಒಡವೆ ಇಟ್ಟುಕೊಂಡರೆ ಜೀವಕ್ಕೇ ಅಪಾಯ. ಆಗ ಅಲ್ಲೊಂದು ರೂಢಿಯಿತ್ತಂತೆ: ಒಡವೆಯನ್ನು ಮಾಡಿದವನ ಕೈಗೇ ಅದನ್ನು ಹಿಂದಿರುಗಿಸಿ ಕಾಯಲು ಬಿಡುವುದು. ಅವನಿಗೆ ಯಾವುದು ಯಾರದೆಂದು ಕತ್ತಲಲ್ಲಿ ಬೆರಳಾಡಿಸಿದರೂ ಗೊತ್ತು. ನಾಳೆ ತಂಟೆ ತಕರಾರಿಲ್ಲ. ಬೆಳಗೊಳದ ಒಕ್ಕಲುಮನೆಗಳ ಹೆಂಗಸರೆಲ್ಲ ತಮ್ಮ ಓಲೆ, ಬುಗುಡಿ, ಗುಂಡಿನ ಸರಗಳನ್ನು ಬೇರೆಬೇರೆ ಬಟ್ಟೆಯ ತುಂಡುಗಳಲ್ಲಿ ಕಟ್ಟಿ ಆಚಾರಿಯ ಮುಂದಿಟ್ಟರು. ಅವರಲ್ಲಿ ಜೋರಿನ ಹೆಂಗಸು ಕೆಂಪಮ್ಮ ಎಂಬಾಕೆ ಎಲ್ಲರ ಪರವಾಗಿ ಅಪ್ಪಣೆ ಮಾಡಿದಳಂತೆ: 'ಎಲ್ಲಿ ಊತಾಕ್ತೀಯೋ ನಮಗೂ ಯೋಳ್ಬ್ಯಾಡ ಕಣಾಚಾರಿ. ದಂಡಿನೋರು ಇಡ್ಕಂಡು ಎಲ್ಡು ಬಾರ್ಸುದ್ರೆ ನಾವು ಬಾಯಿ ಬುಟ್ಬುಡ್ತೀವಿ. ನಿನ್ನೆಂಡ್ರಿಗೂ ಯೋಳ್ಬ್ಯಾಡ. ಬಾಯಿ ಒಲ್ಕೊಂಡು ಬುಡು.'

ಅವನು ಬಾಯಿ ಹೊಲಿದುಕೊಂಡ. ಎಲ್ಲವನ್ನೂ ತಾಮ್ರದ ತಂಬಿಗೆಯೊಂದರಲ್ಲಿ ತುಂಬಿ, ಅರಗಿನಿಂದ ಬಾಯಿ ಮುಚ್ಚಿ, ಊರಾಚೆಯ ದೊಡ್ಡ ಹಿಪ್ಪೆಮರದ ಗುರುತಿನಲ್ಲಿ ಹೂತ. ಬೆಂಕಿ ಊದುವ ತನ್ನ ಊದುಗೊಳವೆಯನ್ನೇ ಅಳತೆಗೋಲು ಮಾಡಿಕೊಂಡು, ಬೊಡ್ಡೆಯಿಂದ ಮೂಡಲಿಗೆ ಇಷ್ಟು ಕೊಳವೆ, ಆಳಕ್ಕೆ ಇಷ್ಟು ಕೊಳವೆ ಎಂದು ಮನಸ್ಸಿನಲ್ಲಿ ಕೆತ್ತಿಕೊಂಡ. ಗುಲಗಂಜಿಯಲ್ಲಿ ತೂಗುವ ಜಾತಿ ನಮ್ಮದು, ಅಳತೆಯಲ್ಲಿ ತಪ್ಪುವವರಲ್ಲ. ತಪ್ಪಿದ್ದು ಬೇರೆಡೆ. ಬೇಸಾಯ ಮಾಡುವವನಾಗಿದ್ದರೆ ಹೊಲದ ಬಾಂದುಕಲ್ಲಿನಿಂದ ಅಳೆಯುತ್ತಿದ್ದ. ದಿನವಿಡೀ ಕುಲುಮೆಯ ಮುಂದೆ ಕೂತವನ ಕಣ್ಣಿಗೆ ಇಡೀ ಬಯಲಿನಲ್ಲಿ ಕಂಡ ಸ್ಥಿರವಾದ ವಸ್ತು ಆ ಮರ ಒಂದೇ.

ದಂಡು ಬಂತು, ತಿಂಗಳುಗಟ್ಟಲೆ ಬೀಡುಬಿಟ್ಟಿತು, ಹೋಯಿತು. ಊರು ಮರಳಿ ಬಂದು ನೋಡಿದರೆ ಬದುಗಳೆಲ್ಲ ಆನೆ ಎತ್ತುಗಳ ಕಾಲಿಗೆ ಸಿಕ್ಕಿ ನೆಲಸಮ. ಮರವೆನ್ನುವ ಮರವೆಲ್ಲ ಕಂದಕ ತುಂಬಲಿಕ್ಕೋ ಒಲೆ ಉರಿಸಲಿಕ್ಕೋ ಹೋಗಿ, ಬೇರು ಬೊಡ್ಡೆಗಳನ್ನೂ ಸೌದೆಗೆಂದು ಕಿತ್ತುಕೊಂಡು, ಬಯಲು ಬೋಳಿಸಿದ ತಲೆಯ ಹಾಗೆ ಮಲಗಿತ್ತು. ವೀರಾಚಾರಿ ಊದುಗೊಳವೆ ಹಿಡಿದು ಅದರ ನಡುವೆ ನಿಂತ. ಅಳತೆ ಇತ್ತು, ಅಳತೆಯ ಆರಂಭವೇ ಇರಲಿಲ್ಲ.

ಅವನು ಯಾರಿಗೂ ಹೇಳಲಿಲ್ಲ. ಹೇಳಬೇಡವೆಂದು ಊರು ಆಣೆ ಹಾಕಿಸಿತ್ತು. ಊರು ಮರಳಿದ ಮೇಲೆ ಆ ಆಣೆಯನ್ನು ಬಿಡಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಮತ್ತೆ ದಂಡು ಬರುತ್ತದೆಂಬ ಗುಸುಗುಸು ಇದ್ದೇ ಇತ್ತಾದ್ದರಿಂದ 'ಒಡವೆ ಎಲ್ಲೈತೋ ಅಲ್ಲೇ ಬೆಚ್ಚಗಿರ್ಲಿ' ಎಂದು ಹೆಂಗಸರು ಕೇಳಲೂ ಇಲ್ಲ. ಇನ್ನು ತಾನಾಗಿ ಹೋಗಿ 'ಕಳೆದುಹೋಯಿತು' ಎಂದು ಅಕ್ಕಸಾಲಿಯೊಬ್ಬ ಹೇಳಿದರೆ ನಂಬುವವರು ಯಾರು? ನಮ್ಮ ಕಸುಬಿನ ಮೇಲೆ ಲೋಕಕ್ಕಿರುವ ಅನುಮಾನ ಈ ಗುಂಡಿಗಿಂತ ಹಳೆಯದು.

ಅಲ್ಲಿಂದ ಅವನಿಗೆ ಅನ್ನ ಸೇರದಾಯಿತು. ಮೊದಲು ಮುದ್ದೆ ಗಂಟಲಿಳಿಯಲಿಲ್ಲ, ಆಮೇಲೆ ಗಂಜಿ. ಹೊಟ್ಟೆಯಲ್ಲಿ ಉರಿ, ಎದೆಯಲ್ಲಿ ಹಿಂಡಿದಂಥ ನೋವು, ಕೈ ನಡುಕ. ಊದುಗೊಳವೆಗೆ ಉಸಿರು ಸಾಲದು. ಲೋಹದ ಹೊಗೆ ಕುಡಿದು ಕುಡಿದು ಒಳಗೆ ಸುಟ್ಟಿದೆ ಎಂದು ಮನೆಯವರು ಕುಲುಮೆಯ ಬಳಿ ಸುಳಿಯಲು ಬಿಡಲಿಲ್ಲ. ಕಾಳಮ್ಮ ಅವನನ್ನು ಗಾಡಿಯಲ್ಲಿ ಮಲಗಿಸಿಕೊಂಡು ಪಟ್ಟಣದ ಕೋಟೆಯೊಳಗಿನ ಪಂಡಿತರೊಬ್ಬರ ಬಳಿಗೆ ಹೋದಳು. ಅವರು ನಾಡಿ ಹಿಡಿದು, ಕ್ಷಯದ ಲಕ್ಷಣವೆಂದು, ಸ್ವರ್ಣಭಸ್ಮ ಕೊಡಬೇಕೆಂದರು. ಚಿನ್ನವನ್ನು ಪುಟವಿಟ್ಟು ಸುಟ್ಟು ಬೂದಿ ಮಾಡಿ ಜೇನಿನಲ್ಲಿ ನೆಕ್ಕಿಸುವ ಔಷಧಿ ಅದು. 'ಚಿನ್ನ ನೀವೇ ತಂದುಕೊಟ್ಟರೆ ಒಳ್ಳೆಯದು, ನಿಮ್ಮಲ್ಲಿ ಶುದ್ಧವಾದದ್ದೇ ಇರುತ್ತದಲ್ಲ' ಎಂದರಂತೆ, ಒಳ್ಳೆಯ ಮನಸ್ಸಿನಿಂದಲೇ.

ಕಾಳಮ್ಮ ಮೊದಲು ಬುಗುಡಿ ಕೊಟ್ಟಳು. ಆಮೇಲೆ ಓಲೆ. ಆಮೇಲೆ, ತವರಿನವರು ಹಾಕಿದ್ದ ಕಟ್ಟಾಣಿ ಸರ. ಗಂಡ ತನ್ನ ಕೈಯಾರೆ ಅವಳಿಗೆ ಮಾಡಿದ್ದನ್ನೂ ತವರಿನದನ್ನೂ ಚಿಟಿಕೆ ಚಿಟಿಕೆಯಾಗಿ ಗಂಡನ ನಾಲಗೆಗೇ ಸವರಿದಳು. ನಮ್ಮ ಕಾಲದಲ್ಲಿ ಔಷಧಿಯ ಖರ್ಚು ಕಾಣುವುದಿಲ್ಲ; ಕಾರ್ಡು ಉಜ್ಜುತ್ತೇವೆ, ಇನ್ಶೂರೆನ್ಸ್ ಎನ್ನುತ್ತೇವೆ, ತಿಂಗಳ ಕೊನೆಗೆ ಮನೆಯ ಮುಖ ಸಣ್ಣಗಾದಾಗ ಎಲ್ಲಿ ಹೋಯಿತೆಂದು ಹುಡುಕುತ್ತೇವೆ. ಆ ಮಹಾತಾಯಿಗೆ ಎಲ್ಲವೂ ಕಣ್ಣೆದುರಿಗೇ ಇತ್ತು. ಬೋಳು ಕಿವಿ ಮುಟ್ಟಿಕೊಂಡರೆ ಸಾಕು, ಗಂಡನ ಕಾಯಿಲೆ ಎಷ್ಟು ದೂರ ಬಂದಿದೆಯೆಂದು ತಿಳಿಯುತ್ತಿತ್ತು. ತಿಂದ ಚಿನ್ನ ಅವನ ಮೈಗೆ ಏಕೆ ಹತ್ತುತ್ತಿಲ್ಲ ಎನ್ನುವುದೊಂದೇ ತಿಳಿಯದ ಸಂಗತಿ.

ಇಲ್ಲಿ ಒಂದು ಕ್ಷಣ ನಿಲ್ಲುತ್ತೇನೆ, ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳು ನೆನಪಾದರು. ಮೈಸೂರಿನ ಹಾಸ್ಟೆಲಿನಲ್ಲಿ ಹೊಟ್ಟೆನೋವೆಂದು ಮುದುಡಿ ಮಲಗಿದ ಹುಡುಗಿಯರಿಗೆ ಒಬ್ಬ ಸಿಸ್ಟರ್ 'ಚೈಲ್ಡ್, ಇಟ್ ಈಸ್ ಆಲ್ ಇನ್ ಯುವರ್ ಮೈಂಡ್' ಎಂದು ಹೊದಿಕೆ ಎಳೆಯುತ್ತಿದ್ದರು. ಮನಸ್ಸಿನಲ್ಲಿದೆ ಎಂದರೆ ಇಲ್ಲವೆಂದೇ ಅರ್ಥ, ಏಳು, ಕ್ಲಾಸಿಗೆ ನಡೆ. ನನಗೆ ಆಗಲೇ ಅನುಮಾನ: ಮನಸ್ಸಿನಲ್ಲಿರುವುದು ಇಲ್ಲದಿರುವುದು ಹೇಗಾದೀತು? ಮನಸ್ಸು ಮೈಯನ್ನು ಬಿಟ್ಟು ಎಲ್ಲಾದರೂ ಬಾಡಿಗೆ ಮನೆ ಮಾಡಿಕೊಂಡಿದೆಯೇ? ವೀರಾಚಾರಿಯ ಪಕ್ಕೆಲುಬುಗಳನ್ನು ಎಣಿಸಬಹುದಿತ್ತಂತೆ. ಆ ಎಲುಬುಗಳು ಯಾರ ಕಲ್ಪನೆಯೂ ಆಗಿರಲಿಲ್ಲ. ಅದೇ ಹಾಸ್ಟೆಲಿನಲ್ಲಿ ಶನಿವಾರ ಸಂಜೆ ಕ್ಯಾಥೊಲಿಕ್ ಹುಡುಗಿಯರು ಕನ್ಫೆಷನ್ನಿಗೆ, ಪಾದ್ರಿಯ ಬಳಿ ತಪ್ಪೊಪ್ಪಿಕೊಳ್ಳಲು, ಹೋಗುವರು. ಮರದ ಪುಟ್ಟ ಗೂಡಿನೊಳಗೆ ಅದೇನೋ ಪಿಸುಗುಟ್ಟಿ ಹೊರಬಂದು, ರಾತ್ರಿಯೂಟಕ್ಕೆ ನಮಗಿಂತ ಎರಡು ಬ್ರೆಡ್ಡು ಹೆಚ್ಚು ತಿನ್ನುವರು. ಅವರ ಹಸಿವು ಕಂಡು ನನಗೆ ಅಸೂಯೆ. ಬೆಳಗೊಳದಲ್ಲಿ ಅಂಥ ಗೂಡಿರಲಿಲ್ಲ. ಕಾಳಮ್ಮ ಅದನ್ನು ತಾನೇ ಕಟ್ಟಬೇಕಾಯಿತು.

ಹವೆ ಬದಲಾಗಲೆಂದು ಅವಳು ಗಂಡನನ್ನು ತವರಿಗೆ ಕರೆದುಕೊಂಡು ಹೋದಳು. ಹೊಳೆ ದಾಟಿ, ಆಗ ಹಿರೋಡೆ ಎನ್ನುತ್ತಿದ್ದ ಈ ನಮ್ಮ ಪಾಂಡವಪುರವನ್ನು ಹಾದು, ನಾಗಮಂಗಲಕ್ಕೆ. ಅಲ್ಲಿ ಎರಡನೆಯ ದಿನವೇ ಆಚಾರಿ ಮುದ್ದೆ ನುಂಗಿದ. ವಾರದೊಳಗೆ ಮಾವನ ಕುಲುಮೆಯ ಮುಂದೆ ಕುಳಿತು ಹೊಗೆಯನ್ನೂ ಕುಡಿದ, ಏನೂ ಆಗಲಿಲ್ಲ. ಭಸ್ಮ ಫಲಿಸಿತೆಂದು ಎಲ್ಲರೂ ಕೈಮುಗಿದರು. ಆದರೆ ಗಾಡಿ ತಿರುಗಿ ಬಂದು ಬೆಳಗೊಳದ ಬಯಲು ಕಂಡದ್ದೇ ತಡ, ಅವನು ಹೊಟ್ಟೆ ಹಿಡಿದುಕೊಂಡು ಬಾಗಿದ.

ಕಾಳಮ್ಮ ಗಾಡಿ ನಿಲ್ಲಿಸಿದಳು. 'ಅದೇ ಬೂದಿ, ಅದೇ ಜೇನು, ಅದೇ ರಾಗಿ. ಹೊಟ್ಟೆಗೆ ಊರು ಗೊತ್ತಾಯ್ತದಾ?' ಎಂದಳು. ನನ್ನ ಅಜ್ಜಿ ಈ ಮಾತು ಬಂದಾಗಲೆಲ್ಲ ಎಲೆಯಡಿಕೆ ಕೆಳಗಿಟ್ಟು, ಇದೊಂದನ್ನು ತಪ್ಪದೆ ನೆನಪಿಡಬೇಕೆನ್ನುವಂತೆ ನನ್ನ ಮುಖ ನೋಡುತ್ತಿದ್ದರು. ವೈದ್ಯಶಾಸ್ತ್ರದ ಯಾವ ಗ್ರಂಥದಲ್ಲಿ ಇದಕ್ಕಿಂತ ಚೆನ್ನಾದ ಡಯಾಗ್ನೋಸಿಸ್ ಇದೆಯೋ ನನಗೆ ಗೊತ್ತಿಲ್ಲ.

ಅಂದಿನಿಂದ ಅವಳು ಗಂಡನನ್ನು ಒರೆಗೆ ಹಚ್ಚತೊಡಗಿದಳು. ಅವನ ಮುಂದೆ ಕುಳಿತು ಊರ ಸುದ್ದಿಗಳನ್ನು ಒಂದೊಂದಾಗಿ ಉಜ್ಜುವುದು, ಅವನ ಮುಖದಲ್ಲಿ ಯಾವ ಬಣ್ಣದ ಗೆರೆ ಮೂಡುತ್ತದೆಂದು ನೋಡುವುದು. ಮಳೆಯ ಮಾತಿಗೆ ಏನಿಲ್ಲ. ಕಂದಾಯದ ಮಾತಿಗೆ ಏನಿಲ್ಲ. 'ಕೆಂಪಕ್ಕನ ಮಗಳ್ನ ಶೀಳನೆರೆಗೆ ಕೊಡ್ತಾರಂತೆ, ಮುಂದಿನ ತಿಂಗ್ಳೇ ಧಾರೆ' ಎಂದಳು. ಅವನ ಹಣೆಯಲ್ಲಿ ಬೆವರು ಮುತ್ತುಗಟ್ಟಿತು.

'ಕೆಂಪಕ್ಕನ ಒಡವೆ ಎಲ್ಲಿಟ್ಟಿದ್ದೀರಿ?' ಎಂದು ಕೇಳಿದಳು.

ಅವನು ಅತ್ತನಂತೆ. ಅತ್ತು, ಎಲ್ಲ ಹೇಳಿ, 'ಮದುವೆಗೆ ಮುಂಚೆ ನಾನು ಸತ್ತೋದ್ರೆ ಯಾರೂ ನಿನ್ನ ಕೇಳಾಕಿಲ್ಲ ಕಣೆ' ಎಂದನಂತೆ. ಅಲ್ಲಿಗೆ ಕಾಳಮ್ಮನಿಗೆ ತಿಳಿಯಿತು, ತಾನು ಇಷ್ಟು ದಿನ ಚಿನ್ನ ಸುಟ್ಟು ಹೋರಾಡಿದ್ದು ರೋಗದ ಜೊತೆಗಲ್ಲ, ಒಳಗೊಳಗೇ ಸಾಯಲು ಒಪ್ಪಿಕೊಂಡಿದ್ದ ಗಂಡನ ಜೊತೆಗೆ.

ಬೇರೆ ಯಾರಾದರೂ ಆಗಿದ್ದರೆ ಅವನನ್ನು ಕಟ್ಟಿಕೊಂಡು ಇರುಳೋರಾತ್ರಿ ನಾಗಮಂಗಲಕ್ಕೆ ಓಡುತ್ತಿದ್ದರೇನೋ. ಅವಳು ಸೆರಗು ಕಟ್ಟಿ, ಹಾಡುಹಗಲಲ್ಲಿ, ಬೋಳು ಕಿವಿಯಲ್ಲಿ, ನೆಟ್ಟಗೆ ಕೆಂಪಮ್ಮನ ಹಟ್ಟಿಗೆ ಹೋದಳು. 'ಅಕ್ಕಾ, ನಿಮ್ಮ ಒಡವೆ ಊತಿರೋ ಜಾಗ ನಮ್ಮೋರಿಗೆ ತಪ್ಪೋಗದೆ. ಎಲ್ರೂ ಬನ್ನಿ. ಬೈಯೋದಿದ್ರೆ ಎದುರ್ಗೇ ಬಂದು ಬೈದ್ಬುಡಿ' ಎಂದಳು.

ಹೆಂಗಸರು ಬಂದರು. ಆಚಾರಿಯ ಮನೆಯ ಅಂಗಳ ತುಂಬಿತು. ಸೊಂಟಕ್ಕೆ ಕೈಕೊಟ್ಟು ಕೆಂಪಮ್ಮ ಆಚಾರಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಒಣಗಿದ ಅವರೆಬಳ್ಳಿಯಂತಾಗಿದ್ದ ಅವನನ್ನು ಅವಳು ಹಗಲು ಬೆಳಕಿನಲ್ಲಿ ನೋಡಿಯೇ ಬಹಳ ದಿನವಾಗಿತ್ತು.

'ಅಲ್ಲ ಕಣ್ಲಾ ಆಚಾರಿ, ಬಾಯಿ ಏನಾಗಿತ್ಲಾ ನಿಂಗೆ? ನಾಯಿ ಕಚ್ಕೊಂಡೋಗಿತ್ತಾ?'

'ನೀನೇ ಅಲ್ವಾ ಯೋಳ್ಬ್ಯಾಡ ಅಂದಿದ್ದು' ಎಂದ ಅವನು, ಗೋಡೆಗೆ ಅಂಟಿಕೊಂಡು.

'ದಂಡಿನೋರ್ಗೆ ಯೋಳ್ಬ್ಯಾಡ ಅಂದೆ ಕಣಯ್ಯ! ನಾನೇನು ದಂಡಿನೋಳಾ? ಮೀಸೆ ಐತಾ ನಂಗೆ?'

'ಇಲ್ದೇ ಏನು' ಎಂದು ಹಿಂದಿನಿಂದ ಯಾವಳೋ ಅಂದಳು. ಅಂಗಳವೆಲ್ಲ ಗೊಳ್ಳೆಂದಿತು. ನಗು ನಿಂತ ಮೇಲೆ ಬೈಗುಳ ಮತ್ತೆ ಶುರುವಾಯಿತು. ಮಧ್ಯಾಹ್ನವೆಲ್ಲ ಸರದಿಯ ಮೇಲೆ ಬೈದರಂತೆ. ಅವನ ಬುದ್ಧಿಯನ್ನು, ಅವನ ಕೊಳವೆಯನ್ನು, ಕಲ್ಲು ಬಿಟ್ಟು ಮರ ನಂಬಿದ ಅವನ ಕುಲವನ್ನು. ಬೈಯುತ್ತ ಬೈಯುತ್ತ ಯಾರೊಬ್ಬರೂ 'ಕಳ್ಳ' ಎನ್ನುವ ಒಂದು ಮಾತನ್ನು ಆಡಲಿಲ್ಲ. ಆ ಒಂದು ಮಾತಿಗೆ ಹೆದರಿ ಅವನು ಸಾವಿನ ಬಾಗಿಲವರೆಗೆ ಹೋಗಿಬಂದಿದ್ದ. ಅದು ಅವರ ನಾಲಗೆಯ ಮೇಲೆ ಇರಲೇ ಇಲ್ಲ.

'ಅದ್ಸರಿ, ಯಾವ ಮರ?' ಎಂದು ಕೊನೆಗೆ ಕೆಂಪಮ್ಮ ಕೇಳಿದಳು.

'ದೊಡ್ಡಿಪ್ಪೆಮರ.'

'ಅಯ್ಯೋ ನಿನ್ನ ಬಾಯಿಗೆ ಮಣ್ಣಾಕ! ಅದು ನಮ್ಮೊಲದಾಗಿದ್ದ ಮರ. ಅದ್ರ ನೆಳ್ಳಿಗೆ ನಮ್ಮತ್ತೆ ಕಾಲದಿಂದ್ಲೂ ರಾಗಿ ಮೇಲಕ್ಕೇಳ್ತಿರ್ಲಿಲ್ಲ. ಈಗ ಮರ ಓದ್ಮೇಲೆ, ಎಲೆ ಬಿದ್ದು ಬಿದ್ದು ಕೊಳ್ತಿರೋ ಮಣ್ಣಲ್ವಾ, ಅಷ್ಟಗಲ ಜಾಗ್ದಾಗೆ ಪೈರು ಕರ್ರಗೆ ಎದೆಯುದ್ದ ನಿಂತದೆ. ಊರಿಗೂರೇ ನೋಡ್ಕಂಡು ಓಡಾಡ್ತದೆ. ನೀನೊಬ್ಬ ನೋಡ್ನಿಲ್ಲ!'

ನೋಡಿರಲಿಲ್ಲ, ನಿಜ. ಹೊಟ್ಟೆ ಹಿಡಿದುಕೊಂಡು ಮಲಗಿದವನಿಗೆ ಪೈರು ಕಾಣುವುದೆಲ್ಲಿ? ಇಡೀ ಊರಿಗೆ ಗೊತ್ತಿದ್ದ ಉತ್ತರ ಅದು. ಪ್ರಶ್ನೆ ಮಾತ್ರ ಒಬ್ಬನ ಹೊಟ್ಟೆಯಲ್ಲಿ ಹುಣ್ಣಾಗಿ ಕುಳಿತಿತ್ತು.

ಆ ಹೊತ್ತಿನಲ್ಲೇ ಎಲ್ಲರೂ ಹೊಲಕ್ಕೆ ಹೋದರು. ಸುತ್ತಲಿನ ಪೈರಿನ ನಡುವೆ ದುಂಡನೆಯ ನೆರಳೊಂದು ನೆಲದಿಂದ ಎದ್ದು ನಿಂತಂತೆ ಆ ಕಪ್ಪುಹಸಿರಿನ ತುಂಡು ನಿಂತಿತ್ತು. ತೆನೆಯಲ್ಲಿ ಇನ್ನೂ ಬಲಿಯದ ಹಾಲುಗಾಳು; ಆದರೂ ಕೆಂಪಮ್ಮ ಕುಡುಗೋಲು ಎತ್ತಿ ತಾನೇ ಮೊದಲ ಹಿಡಿ ಕೊಯ್ದಳು. ಅಗೆದಾಗ ನಡುವಿನಲ್ಲಿ ಮರದ ಉಳಿದ ಬೇರಿನ ಹುಡಿಮಣ್ಣು ಸಿಕ್ಕಿತು. ಆಚಾರಿ ಮೊಣಕಾಲೂರಿ ಊದುಗೊಳವೆಯನ್ನು ಅದರ ಅಂಚಿಗೆ ಇಟ್ಟ. ಮೂಡಲಿಗೆ ಒಂದೊಂದೇ ಕೊಳವೆ ಅಳೆದ. ಅಳೆಯುತ್ತ ಅಳೆಯುತ್ತ ಕೈಯ ನಡುಕ ನಿಂತಿತೆಂದು ಅಜ್ಜಿ ಹೇಳುತ್ತಿದ್ದರು. ಗುದ್ದಲಿ ತಾಮ್ರಕ್ಕೆ ತಗುಲಿ ಠಣ್ ಎಂದಾಗ ಹೆಂಗಸರು ಎಬ್ಬಿಸಿದ ಕೂಗು ಹೊಳೆಯಾಚೆಗೂ ಕೇಳಿ, ಮತ್ತೆ ದಂಡು ಬಂತೆಂದು ಆಚೆ ದಡದವರು ಗಂಟು ಕಟ್ಟತೊಡಗಿದರಂತೆ!

ಬಟ್ಟೆಗಳು ಕೊಳೆತುಹೋಗಿದ್ದವು, ಒಡವೆಗಳೆಲ್ಲ ಒಂದರೊಳಗೊಂದು ಸಿಕ್ಕಿಕೊಂಡಿದ್ದವು. ಅವನು ಹೊಲದಲ್ಲೇ ಕುಳಿತು, ಕಣ್ಣುಮುಚ್ಚಿ, ಬೆರಳಿನಿಂದಲೇ ಗುರುತು ಹಿಡಿದು ಹೆಸರು ಕೂಗಿ ಹಂಚಿದ. ಎಲ್ಲ ಹಂಚಿದ ಮೇಲೆ ಕೈ ಬರಿದಾಯಿತು. ಆಗ, 'ಹಸಿವು' ಎಂದ.

ಒಕ್ಕಲುಮನೆಯ ಅಡುಗೆ ಆಚಾರಿ ಉಣ್ಣುವಂತಿಲ್ಲ, ಆಗಿನ ಕಟ್ಟಳೆ. ಕೆಂಪಮ್ಮ ರಾಗಿಹಿಟ್ಟು, ಹುರುಳಿಕಾಳು ಕೊಟ್ಟು ಕಳಿಸಿದಳು, ಕಾಳಮ್ಮ ಮುದ್ದೆ ತಿರುವಿ ಉಪ್ಸಾರು ಮಾಡಿದಳು, ಇಡೀ ಊರಿನ ಹೆಂಗಸರು ಬಾಗಿಲಲ್ಲಿ ನಿಂತು ಅವನು ನುಂಗುವುದನ್ನು ತೇರು ನೋಡುವ ಹಾಗೆ ನೋಡಿದರು. ತಿಂಗಳಲ್ಲಿ ಅವನು ಮತ್ತೆ ಕುಲುಮೆಯ ಮುಂದೆ ಇದ್ದ. ಶೀಳನೆರೆಯ ಮದುವೆಗೆ ಓಲೆಗೆ ಹೊಸ ಹೊಳಪು ಕೊಟ್ಟವನು ಅವನೇ.

ಮದುವೆಯ ಮಾರನೆಯ ದಿನ ಕೆಂಪಮ್ಮ ತನ್ನ ಸರದಿಂದ ಒಂದು ಗುಂಡು ಬಿಚ್ಚಿ ಕಾಳಮ್ಮನ ಅಂಗೈಯಲ್ಲಿಟ್ಟಳು. 'ನಿನ್ ಗಂಡ ನುಂಗಾಕಿರೋ ಸರ ಇಲ್ಲಿಂದ ಮತ್ತೆ ಸುರುವಾಗ್ಲಿ ಕಣವ್ವ.'

ಸರ ಶುರುವಾಯಿತೋ ಇಲ್ಲವೋ ಕಥೆ ಹೇಳುವುದಿಲ್ಲ. ಆ ಗುಂಡು ಮಾತ್ರ ಎಂದೂ ಸರಕ್ಕೆ ಸೇರಲಿಲ್ಲ, ಒಡವೆಪೆಟ್ಟಿಗೆಗೂ ಹೋಗಲಿಲ್ಲ. ಕಾಳಮ್ಮ ಅದನ್ನು ಔಷಧಿಯ ಭರಣಿಯಲ್ಲಿಟ್ಟಳು. ಅಂದಿನಿಂದ ನಮ್ಮಲ್ಲಿ ಒಂದು ಪದ್ಧತಿ. ಯಾರಾದರೂ ಕಾಯಿಲೆ ಬಿದ್ದರೆ ಮನೆಯ ಹೆಂಗಸು ಗುಂಡನ್ನು ಅವರ ಅಂಗೈಗಿಟ್ಟು, 'ಏನು ಹೂತಿಟ್ಟಿದ್ದೀಯ?' ಎಂದು ಕೇಳುತ್ತಾಳೆ. ಏನೂ ಇಲ್ಲವೆಂದರೆ ವೈದ್ಯರಲ್ಲಿಗೆ. ಇದೆಯೆಂದರೆ ಮೊದಲು ಅದನ್ನು ಅಗೆದು, ಆಮೇಲೆ ವೈದ್ಯರಲ್ಲಿಗೆ. ವೈದ್ಯರನ್ನು ಬಿಟ್ಟ ಪದ್ಧತಿ ಇದಲ್ಲ. ಟೈಫಾಯಿಡ್ ಬಂದವನಿಗೆ ಗುಂಡು ಕೊಟ್ಟು ಕೂರಿಸುವಷ್ಟು ದಡ್ಡರು ನಾವಲ್ಲ. ಆದರೆ ಮೈ, ಮನಸ್ಸು ಎರಡನ್ನೂ ಒಟ್ಟಿಗೆ ನೋಡದಿದ್ದರೆ ಚಿನ್ನ ಬೂದಿಯಾಗುತ್ತದೆ, ಬೂದಿ ಮೈಗೆ ಹತ್ತುವುದಿಲ್ಲ. ಇಷ್ಟನ್ನು ನಾವು ದುಬಾರಿ ಫೀಸು ಕೊಟ್ಟು ಕಲಿತಿದ್ದೇವೆ.

ಕಲಿತದ್ದು ಕಷ್ಟಕ್ಕೆ ಒದಗಬೇಕಲ್ಲ! ಹೋದ ವರ್ಷ ನನಗೇ ಎದೆ ಹಿಂಡತೊಡಗಿತು. ಇಸಿಜಿ, ಎಕೋ, ಮೈಸೂರಿಗೆ ಹೋಗಿ ಅದೇನೋ ಸ್ಕ್ಯಾನು. ಬಿಪಿ ತುಸು ಏರಿದ್ದು ಬಿಟ್ಟರೆ ರಿಪೋರ್ಟುಗಳೆಲ್ಲ ನಾರ್ಮಲ್. ಪ್ರತಿ ನಾರ್ಮಲ್ಲಿಗೂ ಒಂದು ಬಿಲ್ಲು. ಸುಮಾ ಹೊಸ ಹೊಲಿಗೆ ಯಂತ್ರಕ್ಕೆಂದು ಕೂಡಿಟ್ಟದ್ದು ಅದರಲ್ಲಿ ಕರಗಿತು. ಒಂದು ಸಂಜೆ ಮಾತ್ರೆ ಹಾಕಿಕೊಡುತ್ತಿದ್ದವಳು ಭಾನುವಾರದ ಮನೆಯಿಂದ ಗುಂಡನ್ನು ತೆಗೆದು, ನನ್ನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಮಡಿಸಿದಳು.

'ಅತ್ತೆ, ಏನು ಹೂತಿಟ್ಟಿದ್ದೀರ?'

ಹೊರಗಿನಿಂದ ಬಂದ ಹುಡುಗಿ. ಕೇಳುವ ಹಕ್ಕು ಅವಳಿಗೆ ದಾಟಿದ್ದು ಯಾವಾಗಲೋ ನನಗೇ ತಿಳಿದಿರಲಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ನಿಂತು ಯಾವ ಬಸ್ಸು ಹತ್ತಬೇಕೆಂದೇ ಮರೆತ ದಿನದ ಬಗ್ಗೆ ಹೇಳಿದೆ. ನನ್ನಕ್ಕ ಕೊನೆಗಾಲದಲ್ಲಿ ಮಕ್ಕಳ ಗುರುತೂ ಸಿಗದೆ ಹೋದದ್ದು, ನನಗೂ ಅದೇ ಬರುತ್ತಿದೆಯೆಂಬ ಭಯ, ಪ್ರತಿದಿನ ಎಲ್ಲರ ಹೆಸರುಗಳನ್ನು ಬಾಯಿಪಾಠದಂತೆ ಒಪ್ಪಿಸಿಕೊಳ್ಳುತ್ತಿದ್ದದ್ದು, ಎಲ್ಲ ಹೇಳಿದೆ. ಅವಳು ನನ್ನನ್ನು ಸರಿಯಾಗಿ ಬೈದಳು. ಆಹಾ, ಏನು ಹಿತವಾಗಿತ್ತು ಆ ಬೈಗುಳ! ಮರುವಾರ ಬೇರೊಬ್ಬ ಡಾಕ್ಟರು ಹೆಸರು, ಲೆಕ್ಕ, ಚಿತ್ರ ಎಂದು ಸ್ಲೇಟು ಹಿಡಿದ ಮಗುವಿನಂತೆ ನನ್ನನ್ನು ಪರೀಕ್ಷಿಸಿ, ಇದು ವಯಸ್ಸಿನ ಮರೆವು, ಆ ಕಾಯಿಲೆಯ ಮರೆವಲ್ಲ ಎಂದರು. ಫಸ್ಟ್ ಕ್ಲಾಸಿನಲ್ಲಿ ಪಾಸಾದವಳಂತೆ ಎದೆಯೆತ್ತಿ ಬಂದೆ. ಎದೆಯನ್ನು ಹಿಂಡುತ್ತಿದ್ದ ಕೈ ಅಂದೇ ಸಡಿಲವಾಯಿತು. ಬಿಪಿ ಮಾತ್ರೆ ಇದೆ, ಇರಲಿ, ಅದು ಅದರ ಕೆಲಸ.

ಇವತ್ತು ಬೆಳಿಗ್ಗೆ ಡಬ್ಬಿಗೆ ತುಂಬಬೇಕಾದ ಹೊಸ ಮಾತ್ರೆ ಹುಡುಕುತ್ತ ಸುಮಾಳ ಕೈಚೀಲಕ್ಕೆ ಕೈಹಾಕಿದಾಗ ಅಲ್ಲೊಂದು ಗ್ಯಾಸ್ಟ್ರಿಕ್ ಮಾತ್ರೆಯ ಪಟ್ಟಿ ಸಿಕ್ಕಿತು, ಅರ್ಧಕ್ಕರ್ಧ ಖಾಲಿ. ಕೆಲವು ದಿನಗಳಿಂದ ಅವಳ ತಟ್ಟೆಯಲ್ಲಿ ಮುದ್ದೆ ಉಳಿಯುತ್ತಿರುವುದನ್ನೂ ನೋಡಿದ್ದೇನೆ. ಅರ್ಧ ಗಂಟೆ ಕಳೆಯಿತು, ನಾನಿನ್ನು ಏಳಬಹುದು. ಭಾನುವಾರದ ಮನೆಯ ಮುಚ್ಚಳ ತೆರೆದಿದ್ದೇನೆ. ಗುಂಡು ನನ್ನ ಅಂಗೈಯಲ್ಲಿ ಆಗಲೇ ಬೆಚ್ಚಗಾಗಿದೆ. ಅಡುಗೆಮನೆಯಲ್ಲಿ ಅವಳು ಮುದ್ದೆಗೆ ಎಸರಿಡುತ್ತಿರುವ ಸದ್ದು.

'ಸುಮಾ, ಒಲೆ ಸಣ್ಣಗೆ ಮಾಡಿ ಇಲ್ಲಿ ಬಾಮ್ಮ. ಕೈ ನೀಡು.'